ತಗಣಿ ತತ್ತಿ ತಣ್ಣೀರಿಗೆ ಸಾಯೂದಿಲ್ಲ

ಇವತ್ತಿನ ಮಾತು ಅರಿವಿ ಮ್ಯಾಲಿನ ತಗಣಿ ತತ್ತಿ. ಮನ್ಯಾಗ ತಗಣಿ ಆದೂವಂದ್ರ ಭೋಜ ಊರಾಗಿರ್ಲಿ, ನಿಪ್ಪಾಣಿ, ಚಿಕ್ಕೋಡಿ ಕಡೆ ಇರ್ಲಿ, ಎಲ್ಲಾರೂ ಮಾಡೂದು ಒಂದ. ಕೌದಿ, ಚಾದರ, ಅರಿವಿ ಎಲ್ಲಾ ಹೊಳಿಗೆ ಒಯ್ದು ಒಗದು ಬಿಸಲಿಗೆ ಹಾಕೂದು. ನಾಕ ದಿನ ಆರಾಮ. ವಾರ, ಹತ್ತ ದಿನ ಆತು ಅನ್ನೂದ್ರಾಗ ಮತ್ತ ಕಡತ. "ಇಷ್ಟ ಒಗದ ಮ್ಯಾಲೂ ಎಲ್ಲಿಂದ ಬಂದೂವು?" ಅಂತಾರ. ಎಲ್ಲಿಂದೂ ಬಂದಿಲ್ರಿ. ಒಗದ ಅರಿವ್ಯಾಗ ತತ್ತಿ ಹಂಗ ಉಳದಿದ್ದೂವು, ಒಡದು ಮರಿ ಆದೂವು.

ತಗಣಿ ತತ್ತಿ ಅಂದ್ರ ಒಂದ ಮಿಲಿಮೀಟರ್ ಉದ್ದ, ಗಸಗಸಿ ಕಾಳಿನಷ್ಟ. ಬಿಳಿ ಬಣ್ಣ, ಮುತ್ತಿನ ಹೊಳಪು, ಸ್ವಲ್ಪ ಉದ್ದಗ ಇರತೈತಿ, ಒಂದ ತುದಿಗೆ ಸಣ್ಣ ಮುಚ್ಚಳ. ಮರಿ ಹೊರಗ ಬರೂದು ಆ ಮುಚ್ಚಳ ತಗದ. ಇಟ್ಟು ನಾಕೈದ ದಿನ ಆದ ಮ್ಯಾಲ ಒಳಗ ಮರಿ ಕಣ್ಣಿನ ಚುಕ್ಕಿ ಕಾಣತೈತಿ. ಹೆಣ್ಣ ತಗಣಿ ತತ್ತಿ ಇಡೂವಾಗ ಅಂಟ ಹಚ್ಚಿ ಇಡತೈತಿ. ಅದಕ್ಕ ಅರಿವಿ ಝಾಡಿಸಿದ್ರ ಧೂಳ, ನೂಲಿನ ಚೂರ ಉದರತಾವ, ತತ್ತಿ ಉದರೂದಿಲ್ಲ. ಗುರತ ಹಿಡ್ಯಾಕ ಇದ ಮೊದಲನೇ ಪರೀಕ್ಷೆ. ಉಗರಿಲೆ ಒತ್ತಿ ನೋಡ್ರಿ: ಜೀವ ಇದ್ದ ತತ್ತಿ ಒಡದು ಹಸಿ ಆಗತೈತಿ, ಮರಿ ಹೋದ ಚಿಪ್ಪ ಒಣಗಿ ಪುಡಿ ಆಗತೈತಿ.

ಎಲ್ಲಿ ನೋಡೂದು? ಮೈಮ್ಯಾಲ ಉಟ್ಟ ತೊಟ್ಟ ಅರಿವ್ಯಾಗ ತಗಣಿ ತತ್ತಿ ಇಡೂದು ಭಾಳ ಕಡಿಮಿ. ಅದು ಹೇನಿನಂಗ ಮೈಮ್ಯಾಲ ಇರೂ ಹುಳಾ ಅಲ್ಲ. ತೊಟ್ಟ ಅಂಗಿ ಹೊಲಿಗ್ಯಾಗ ಸಾಲಾಗಿ ಬಿಳಿ ತತ್ತಿ ಕಂಡೂವಂದ್ರ ಅವು ಬಟ್ಟೆ ಹೇನಿನ ಸೀರು ಇರಬಹುದು, ಡಾಕ್ಟರಿಗೆ ತೋರಸ್ರಿ. ತಗಣಿ ತತ್ತಿ ಹತ್ತೂದು ಅಲುಗಾಡದ ಇಟ್ಟ ಅರಿವಿಗೆ: ಹೊರಸಿನ ಮ್ಯಾಲ ವಾರಗಟ್ಟಲೆ ಬಿದ್ದದ್ದು, ಗ್ವಾಡಿ ಗೂಟಕ್ಕ ನೇತ ಹಾಕಿದ್ದು, ಹಾಸ್ಟೆಲಿನಿಂದ ಹುಡುಗ್ರು ತಂದ ಟ್ರಂಕಿನ್ಯಾಗಿಂದು. ಮೊಬೈಲಿನ ಟಾರ್ಚ್ ಮ್ಯಾಲಿಂದ ಹಿಡಿಬ್ಯಾಡ್ರಿ, ಅಡ್ಡಲಾಗಿ ಹಿಡೀರಿ. ಕಾಲರಿನ ಕೆಳಗ, ಕಿಸೆದ ಮೂಲ್ಯಾಗ, ಸೀರಿ ಫಾಲಿನ ಒಳಗ, ಪರಕಾರದ ಲಾಡಿ ಹಾಕೂ ಜಾಗಾದಾಗ. ಬಾಜೂಕ ಕರೀ ಚುಕ್ಕಿ ಇದ್ದೂವಂದ್ರ ಹಸಿ ಅರಿವಿಲೆ ಒರಸ್ರಿ. ಕಂದ ಬಣ್ಣ ಬಿಟ್ಟರ ಅದು ತಗಣಿ ಹೇಲು, ತಗಣಿ ಅಲ್ಲೇ ಐತಿ.

ಎಲ್ಲಾಕಿಂತ ಕಠಿಣ ನಮ್ಮ ಕೌದಿ. ಹಳೇ ಸೀರಿ, ಧೋತರ ಒಂದರ ಮ್ಯಾಲ ಒಂದ ಇಟ್ಟು ಕೈಲೆ ಹೊಲದದ್ದು. ಒಂದೊಂದ ಹೊಲಿಗಿ ಸಂದೂ ತಗಣಿಗೆ ಮನಿ. ನಮ್ಮ ಅವ್ವಾರು ತಿಂಗಳಗಟ್ಟಲೆ ಕುಂತ ಹೊಲದ ಕೌದಿ ಅದು, ತಗಣಿ ಆತಂತ ಸುಡೂ ಮಾತ ಕೇಳಿದ್ರ ನನಗ ಹೊಟ್ಟಿ ಉರಿತೈತಿ. ಸುಡೂದು ಬ್ಯಾಡ, ಅದನ್ನ ಉಳಸಬಹುದು.

ತಣ್ಣೀರಾಗ ಒಂದ ದಿನ ಪೂರಾ ನೆನೆ ಹಾಕಿದ್ರ ದೊಡ್ಡ ತಗಣಿ, ಮರಿ ಸಾಯತಾವ, ತತ್ತಿ ಸಾಯೂದಿಲ್ಲ. 40 ಡಿಗ್ರಿ ಉಗುರಬೆಚ್ಚಗಿನ ನೀರಾಗ ಒಗದರೂ ಕೆಲವು ತತ್ತಿ ಉಳಿತಾವ. 60 ಡಿಗ್ರಿ ನೀರಾಗ ಒಗದ್ರ ಒಂದೂ ಉಳ್ಯೂದಿಲ್ಲ. ನಿಮ್ಮ ವಾಷಿಂಗ್ ಮಷೀನಿನ್ಯಾಗ ನೀರು ಕಾಸೂ ಹೀಟರ್ ಇಲ್ಲಂದ್ರ ಅದು ಒಗೂದು ತಣ್ಣೀರಾಗ, ಸೋಪಿನ ಪುಡಿ ಎಷ್ಟ ಹಾಕಿದ್ರೂ ಅಷ್ಟ. ಹಂಡೇದಾಗ ನೀರು ಕುದಿಸಿ, ಹತ್ತಿ ಅರಿವಿ, ಕೌದಿ ಅದರಾಗ ಪೂರಾ ಮುಳಗಿಸಿ ಅರ್ಧ ತಾಸ ಬಿಡ್ರಿ. ಕೌದಿ ದಪ್ಪ, ಕಾವು ನಡಬರಕ ಹೋಗಾಕ ಹೊತ್ತ ಹಿಡಿತೈತಿ. ನೀರು ಆರಿದ್ರ ಮತ್ತ ಕುದ್ಯೂ ನೀರು ಹಾಕ್ರಿ. ಹಿಂದಿನ ಅಗಸರು ಅರಿವಿಗೆ ಉಬ್ಬಿ ಹಾಕತಿದ್ರಲ್ಲ, ಆ ಹಬಿ ಕಾವಿಗೆ ಯಾವ ತತ್ತೀನೂ ಉಳಿತಿದ್ದಿಲ್ಲ. ಉಬ್ಬಿ ಹೋತು, ತಣ್ಣೀರು ಉಳೀತು.

ರೇಷ್ಮಿ ಸೀರಿ ಕುದಿಸಾಕ ಬರೂದಿಲ್ಲ. ಡ್ರೈ ಕ್ಲೀನಿಗೆ ಕೊಡ್ರಿ, ಕೊಡೂವಾಗ ಯಾಕಂತ ಹೇಳಿ, ಚೀಲದ ಬಾಯಿ ಕಟ್ಟಿ ಕೊಡ್ರಿ. ಇಲ್ಲಂದ್ರ ಮ್ಯಾಲ ಒಂದ ಹತ್ತಿ ಅರಿವಿ ಹಾಕಿ, ಹೊಲಿಗಿ ಗುಂಟ ಸಾವಕಾಶ ಇಸ್ತ್ರಿ ತಿಕ್ಕರಿ. ಬಿಸಲಿನ ಮಾತ ಹೇಳಬೇಕಂದ್ರ, ಬಿಸಲಿಗೆ ಹರವಿದ ಕೌದಿ ಮ್ಯಾಲಿನ ಮಗ್ಗಲ ಕಾಯತೈತಿ, ತಗಣಿ ನೆಳ್ಳಿದ್ದ ಮಗ್ಗಲಿಗೆ ಹೋಗತೈತಿ, ಒಳಗಿನ ತತ್ತಿಗೆ ಬೇಕಾದಷ್ಟ ಕಾವು ಮುಟ್ಟೂದಿಲ್ಲ.

ಈಗ ಹೇಳೂದನ್ನ ಲಕ್ಷ್ಯ ಕೊಟ್ಟ ಕೇಳ್ರಿ. ಕಬ್ಬಿಗೆ, ತಂಬಾಕಿಗೆ ಹೊಡ್ಯೂ ಎಣ್ಣಿ ಮನ್ಯಾಗ ಇರತೈತಂತ ಹಾಸಿಗಿಗೆ, ಅರಿವಿಗೆ ಹೊಡಿಬ್ಯಾಡ್ರಿ. ಅದು ಹುಡುಗ್ರ ಮೈಗೆ, ಉಸರಿಗೆ ಹೋಗತೈತಿ. ಜ್ವಾಳದ ಚೀಲದಾಗ ಇಡೂ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗಿಯಂತೂ ಮಲಗೂ ಖೋಲ್ಯಾಗ ಇಡಲೇಬ್ಯಾಡ್ರಿ. ಗಾಳ್ಯಾಗಿನ ಹಸಿ ತಾಕಿದ್ರ ಸಾಕು, ಫಾಸ್ಫೀನ್ ಅನ್ನೂ ವಿಷದ ಗಾಳಿ ಬಿಡತೈತಿ. ತಗಣಿ ಕೊಲ್ಲಾಕ ಅಂತ ಇಟ್ಟು ಮಲಗಿದಲ್ಲೇ ಮಕ್ಕಳು ಸತ್ತದ್ದು ನಮ್ಮ ದೇಶದಾಗ ಆಗೈತಿ. ಎಷ್ಟೋ ವಿಷಕ್ಕ ತಗಣಿ ಜಗ್ಗೂದೂ ಇಲ್ಲ. 1953ರಾಗ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಸುರು ಆಗಿ ಹಳ್ಳಿ ಹಳ್ಳಿಗೆ ಡಿಡಿಟಿ ಹೊಡದರು, ತಗಣಿ ಅದನ್ನೂ ತಾಳಿಕೊಂಡು ಉಳದೂವು.

ತಗಣಿ ಬಡವರ ಮನಿಗೆ, ಹೊಲಸ ಇದ್ದ ಮನಿಗೆ ಅಷ್ಟ ಬರತೈತಿ ಅನ್ನೂದು ಸುಳ್ಳ. 2023ರಾಗ ಪ್ಯಾರಿಸ್ ಊರೆಲ್ಲಾ ತಗಣಿ ಸುದ್ದಿನ ಇತ್ತು. ನಾಚಿ ಮುಚ್ಚಿಟ್ಟರ ಬಾಜೂ ಮನಿಗೂ ಹೋಗತೈತಿ, ಬೀಗರ ಮನಿಗೂ ಹೋಗತೈತಿ.

ಅರಿವಿ ಒಂದ ಕುದಿಸಿ ಹೊರಸು ಹಂಗ ಬಿಟ್ಟರ ಕೆಲಸ ವ್ಯರ್ಥ. ಅವತ್ತ ಹೊರಸಿನ ಸಂದ್ಯಾಗೂ ಕುದ್ಯೂ ನೀರು ಹೊಯ್ರಿ. ತತ್ತಿ ಒಡ್ಯಾಕ 6ರಿಂದ 10 ದಿನ ಬೇಕು, ಥಂಡಿ ದಿನದಾಗ ಇನ್ನೂ ಹೆಚ್ಚ. ಅದಕ್ಕ ಎರಡ ವಾರ ಬಿಟ್ಟು ಮತ್ತೊಮ್ಮೆ ಟಾರ್ಚ್ ಹಿಡದ ನೋಡ್ರಿ. ಅಲ್ಲೀತನ ಕುದಿಸಿದ ಅರಿವಿ ಬ್ಯಾರೆ ಚೀಲದಾಗ ಬಾಯಿ ಕಟ್ಟಿ ಇಡ್ರಿ.

ಮಳೆಗಾಲದ ಒಂದ ಮಾತ. ದೂಧಗಂಗಾ, ವೇದಗಂಗಾ ಏರಿದಾಗ ಕಾರದಗಾ-ಭೋಜ ಸೇತುವೆ ಮುಳಗತೈತಿ. 2019ರಾಗ, 2021ರಾಗ ಈ ಹೊಳಿ ದಂಡಿ ಮಂದಿ ಗಂಟು ಕಟ್ಟಿಕೊಂಡು ಸಾಲಿಗೆ, ಕಾಳಜಿ ಕೇಂದ್ರಕ್ಕ ಹೋಗಿ ಉಳದರು. ಒಂದ ಖೋಲ್ಯಾಗ ಹತ್ತಾರ ಮನಿ ಹಾಸಿಗಿ ಕೂಡಿದ್ರ ಒಂದ ಗಂಟಿನ ತಗಣಿ ಎಲ್ಲಾರ ಗಂಟಿಗೂ ಹೋಗತೈತಿ. ಗಂಟು ನೆಲದ ಮ್ಯಾಲ ಬಿಚ್ಚಿ ಹರವದ, ದಪ್ಪ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಇಡ್ರಿ. ಊರಿಗೆ ಬಂದ ಮ್ಯಾಲ ಅರಿವಿ ಟ್ರಂಕಿಗೆ ಹಾಕೂಕಿಂತ ಮೊದಲ ಕುದಿಸ್ರಿ. ಮತ್ತ ನೆರೆ ಬಂದ ಊರಿಗೆ ಹಳೇ ಅರಿವಿ ಕಳಸೂ ಊರವರಿಗೂ ನನ್ನದೊಂದ ವಿನಂತಿ: ಕಳಸೂಕಿಂತ ಮೊದಲ ನೀವ ಕುದಿಸಿ, ಒಣಗಿಸಿ, ಕಟ್ಟಿ ಕಳಸ್ರಿ. ಅಲ್ಲಿ ಮಂದಿಗೆ ಒಲಿ ಹಚ್ಚಿ ನೀರು ಕಾಸಾಕ ಜಾಗಾ ಇರೂದಿಲ್ಲ.