ಸಭೆಯ ಮಾತು ನಡವಳಿಯನ್ನು ಸೇರಲಿ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಚುನಾವಣೆಯ ವೇಳೆ ಮನೆಮನೆಗೂ ಹೋಗಿ ಸರಾಗವಾಗಿ ಮಾತನಾಡಿದವರೇ ಗೆದ್ದು ಬಂದ ಮೇಲೆ ಸಭೆಯಲ್ಲಿ ಎದ್ದು ನಿಂತಾಗ ತಡವರಿಸುವುದುಂಟು. ಇದು ಅಸಾಮರ್ಥ್ಯವಲ್ಲ, ಎರಡು ಬಗೆಯ ಮಾತಿನ ನಡುವಣ ವ್ಯತ್ಯಾಸ. ಜಗಲಿಯ ಮೇಲಿನ ಮಾತು ಎದುರಿಗಿದ್ದ ಒಬ್ಬರ ಮನವೊಲಿಸಿದರೆ ಸಾಕು. ಸಭೆಯ ಮಾತು ಹಲವರಿಗೆ ಕೇಳಿಸಬೇಕು, ಅರ್ಥವಾಗಬೇಕು, ಕೊನೆಗೆ ನಿರ್ಣಯವಾಗಿ ನಡವಳಿ ಪುಸ್ತಕದಲ್ಲಿ ದಾಖಲಾಗಬೇಕು. ದಾಖಲಾಗದ ಮಾತಿಗೆ ಎಷ್ಟೇ ಚಪ್ಪಾಳೆ ಬಿದ್ದರೂ ಮರುದಿನ ಅದರ ಆಧಾರದ ಮೇಲೆ ಯಾವ ಕೆಲಸವೂ ಆರಂಭವಾಗದು. ಆದುದರಿಂದ ಸದಸ್ಯರ ವಾಕ್ಚಾತುರ್ಯವನ್ನು ಅಳೆಯುವ ಸರಿಯಾದ ಅಳತೆಗೋಲು ನಡವಳಿಯೇ.

ಸಂವಿಧಾನದ 73ನೇ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದರಂತೆ ಗ್ರಾಮ ಸಭೆ ಎಂದರೆ ಪಂಚಾಯತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಎಲ್ಲರೂ ಸೇರಿದ ಸಭೆ. ಅಲ್ಲಿ ಕುಳಿತವರು ಭಾಷಣ ಕೇಳಲು ಬಂದ ಶ್ರೋತೃಗಳಲ್ಲ. ಅವರೂ ಸಭೆಯ ಸದಸ್ಯರೇ. ಈ ಅರಿವು ಮೂಡಿದರೆ ಮಾತಿನ ಧಾಟಿ ತಾನಾಗಿ ಬದಲಾಗುತ್ತದೆ. ಸಾಧನೆಗಳನ್ನು ಸಾರುವ ಉದ್ದನೆಯ ಭಾಷಣ ಹಿಂದೆ ಸರಿದು, ವಿಷಯವನ್ನು ಮುಂದಿಟ್ಟು ಅಭಿಪ್ರಾಯ ಕೇಳುವ ರೀತಿ ಮುಂದೆ ಬರುತ್ತದೆ. ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳು ಆರು ತಿಂಗಳಿಗೆ ಕನಿಷ್ಠ ಒಮ್ಮೆ ಸೇರಬೇಕೆಂಬುದು ನಿಯಮ. ಒಂದು ಸಭೆಯಲ್ಲಿ ಸರಿಯಾಗಿ ಮಂಡನೆಯಾಗದ ವಿಷಯವು ಮುಂದಿನ ಸಭೆಯವರೆಗೂ ಕಾಯಬೇಕಾಗಬಹುದು. ಆ ನಡುವೆ ಒಂದು ಬೇಸಿಗೆಯೇ ಕಳೆದುಹೋಗಬಹುದು.

ಒಂದು ಕಾಲ್ಪನಿಕ ಉದಾಹರಣೆಯನ್ನು ಗಮನಿಸಬಹುದು. ಬೇಸಿಗೆಯ ಸಭೆಯೊಂದರಲ್ಲಿ ಸದಸ್ಯೆಯೊಬ್ಬರು ಎದ್ದು, “ನಮ್ಮ ಕೇರಿಗೆ ನೀರೇ ಬರುವುದಿಲ್ಲ, ಎಷ್ಟು ಸಲ ಹೇಳಿದರೂ ಕೇಳುವವರಿಲ್ಲ” ಎನ್ನುತ್ತಾರೆ. ಮಾತಿನಲ್ಲಿ ನೋವಿದೆ, ಸತ್ಯವೂ ಇದೆ. ಆದರೆ ನಡವಳಿ ಬರೆಯುವವರ ಲೇಖನಿಗೆ ಬೇಕಾದುದು ಅದರಲ್ಲಿಲ್ಲ. “ಪರಿಶೀಲಿಸೋಣ” ಎಂಬ ಉತ್ತರ ಬರುತ್ತದೆ. ಸಭೆ ಮುಂದಿನ ವಿಷಯಕ್ಕೆ ಹೋಗುತ್ತದೆ.

ಅದೇ ಸದಸ್ಯೆ ಹೀಗೆ ಹೇಳಿದರೆ? “ಮೂರನೇ ವಾರ್ಡಿನ ಮೇಲಿನ ಕೇರಿಯಲ್ಲಿ 42 ಮನೆಗಳಿವೆ. ಎರಡು ವಾರಗಳಿಂದ ಮೂರು ದಿನಕ್ಕೊಮ್ಮೆ ಮಾತ್ರ ನೀರು ಬರುತ್ತಿದೆ. ಶಾಲೆಯ ಹಿಂದಿನ ವಾಲ್ವ್ ಸೋರುತ್ತಿದೆ ಎಂದು ನೀರುಗಂಟಿ ತಿಳಿಸಿದ್ದಾರೆ. ವಾಲ್ವ್ ಬದಲಿಸಲು ಇಂದೇ ನಿರ್ಣಯವಾಗಬೇಕು. ಅಲ್ಲಿಯವರೆಗೆ ಟ್ಯಾಂಕರ್ ನೀರು ಕೊಡಬೇಕು.” ಜಲ ಜೀವನ್ ಮಿಷನ್ ಗ್ರಾಮೀಣ ಮನೆಗಳಿಗೆ ಗೊತ್ತುಪಡಿಸಿದ ಪ್ರಮಾಣ ತಲಾ ದಿನಕ್ಕೆ 55 ಲೀಟರ್. ಮನೆಗೆ ಐವರಂತೆ 210 ಜನರಿಗೆ ದಿನಕ್ಕೆ 11,550 ಲೀಟರ್ ಬೇಕು. 4,000 ಲೀಟರಿನ ಟ್ಯಾಂಕರ್ ಆದರೆ ದಿನಕ್ಕೆ ಮೂರು ಬಾರಿ ಬರಬೇಕು. ಇಷ್ಟು ಲೆಕ್ಕವನ್ನು ಸಭೆಯ ಮುಂದಿಟ್ಟ ಮೇಲೆ “ಪರಿಶೀಲಿಸೋಣ” ಎಂದು ದಾಟಿಹೋಗುವುದು ಕಷ್ಟ.

ಎರಡನೆಯ ಮಾತಿನಲ್ಲಿ ಅಲಂಕಾರವಿಲ್ಲ. ಎಲ್ಲಿ, ಎಷ್ಟು ಮಂದಿಗೆ, ಯಾವಾಗಿನಿಂದ, ಯಾವ ಕಾರಣಕ್ಕೆ, ಏನಾಗಬೇಕು ಎಂಬ ಐದು ಪ್ರಶ್ನೆಗಳಿಗೆ ಅದು ಉತ್ತರಿಸುತ್ತದೆ. ಈ ಕೆಲಸವನ್ನು ಯಾರು, ಎಷ್ಟು ದಿನದೊಳಗೆ ಮಾಡಬೇಕು ಎಂಬುದನ್ನೂ ಸೇರಿಸಿದರೆ ನಿರ್ಣಯದ ಕರಡು ಬಾಯಿಮಾತಿನಲ್ಲಿಯೇ ಸಿದ್ಧವಾದಂತೆ.

ಎದ್ದು ನಿಂತಾಗ ಕೈಕಾಲು ನಡುಗುವುದು, ಗಂಟಲು ಒಣಗುವುದು ಅನುಭವಿಗಳಿಗೂ ತಪ್ಪಿದ್ದಲ್ಲ. ಇದಕ್ಕೆ ಸಿದ್ಧತೆಯೇ ಮದ್ದು. ಅಂಚೆ ಕಾರ್ಡಿನಷ್ಟು ದೊಡ್ಡ ಚೀಟಿಯಲ್ಲಿ ಮೇಲಿನ ಐದು ಉತ್ತರಗಳನ್ನು ಐದು ಸಾಲಿನಲ್ಲಿ ಬರೆದುಕೊಳ್ಳುವುದು ಉತ್ತಮ. ಮೊದಲ ವಾಕ್ಯ ಬಾಯಿಪಾಠವಾಗಿರಲಿ. ಅದು ಸರಾಗವಾಗಿ ಹೊರಟರೆ ಉಳಿದದ್ದು ಹಿಂದೆಯೇ ಬರುತ್ತದೆ. ಹಿಂದಿನ ರಾತ್ರಿ ಮನೆಯವರ ಮುಂದೆ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಬೇಕು. ಧ್ವನಿವರ್ಧಕವಿದ್ದರೆ ಅದನ್ನು ತುಟಿಗೆ ತಾಗಿಸದೆ ಸ್ವಲ್ಪ ದೂರ ಹಿಡಿದು, ಕೊನೆಯ ಸಾಲಿನಲ್ಲಿ ಕುಳಿತವರನ್ನು ನೋಡುತ್ತ ಮಾತನಾಡಬೇಕು. ಅಂಕಿಯೊಂದನ್ನು ಹೇಳಿದ ಮೇಲೆ ಕ್ಷಣಕಾಲ ನಿಲ್ಲಿಸಿದರೆ ಕೇಳುವವರಿಗೂ ಬರೆದುಕೊಳ್ಳುವವರಿಗೂ ಅನುಕೂಲ.

ಭಾಷೆಯ ವಿಷಯದಲ್ಲಿ ಸಂಕೋಚ ಸಲ್ಲದು. ಊರಿನ ಆಡುಮಾತು ಊರಿನ ಸಭೆಗೆ ಸರ್ವಥಾ ಯೋಗ್ಯ. ಕಛೇರಿಯ ಪದಗಳನ್ನು ಬಳಸಲೇಬೇಕಾದಾಗ ಅವುಗಳ ಅರ್ಥವನ್ನೂ ಜೊತೆಗೇ ಹೇಳಬೇಕು. ಕ್ರಿಯಾ ಯೋಜನೆ ಎಂದರೆ ಈ ವರ್ಷ ಯಾವ ಕೆಲಸಕ್ಕೆ ಎಷ್ಟು ಹಣ ಎಂಬ ಪಟ್ಟಿ ಎಂದು ತಿಳಿಸಿದರೆ, ಅದುವರೆಗೆ ಸುಮ್ಮನೆ ಕುಳಿತವರೂ ಪ್ರಶ್ನೆ ಕೇಳತೊಡಗುತ್ತಾರೆ.

ಮಾತನಾಡುವುದರಷ್ಟೇ ಕೇಳಿಸಿಕೊಳ್ಳುವುದೂ ಮುಖ್ಯ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ಹಿರಿಯರ ಗಾದೆ. ವಸತಿ ಯೋಜನೆಯ ಪಟ್ಟಿಯಲ್ಲಿ ಹೆಸರಿಲ್ಲವೆಂದು ಗ್ರಾಮಸ್ಥರೊಬ್ಬರು ಸಿಟ್ಟಿನಿಂದ ಎದ್ದರೆ ಅವರ ಮಾತು ಮುಗಿಯುವವರೆಗೆ ತಡೆಯಬಾರದು. ಬಳಿಕ ಅವರು ಹೇಳಿದ್ದನ್ನು ಒಂದು ವಾಕ್ಯದಲ್ಲಿ ಮರಳಿ ಹೇಳಿ, “ಹೀಗೆಯೇ ಅಲ್ಲವೇ?” ಎಂದು ಕೇಳಬೇಕು. ತಮ್ಮ ಅಹವಾಲು ತಲುಪಿದೆ ಎಂದು ತಿಳಿದಾಗ ಸಿಟ್ಟು ಇಳಿಯತೊಡಗುತ್ತದೆ. ಆಗದ ಕೆಲಸವನ್ನು ಆಗದೆಂದು ಕಾರಣಸಹಿತ ಹೇಳುವುದೂ ಸೌಜನ್ಯವೇ. “ನೋಡೋಣ” ಎಂಬ ಪೊಳ್ಳು ಭರವಸೆಯು ಆ ಕ್ಷಣಕ್ಕೆ ಹಿತವೆನಿಸಿದರೂ ಮುಂದಿನ ಸಭೆಯಲ್ಲಿ ಸದಸ್ಯರ ಎಲ್ಲ ಮಾತಿನ ಬೆಲೆಯನ್ನೂ ಕಳೆಯುತ್ತದೆ.

ರಾಜ್ಯದ ಪಂಚಾಯತಿಗಳಲ್ಲಿ ಮಹಿಳೆಯರಿಗೆ ಶೇ. 50ರಷ್ಟು ಮೀಸಲಾತಿ ಇದೆ. ಸ್ಥಾನ ದೊರೆತ ಮಾತ್ರಕ್ಕೆ ಧ್ವನಿ ದೊರೆತಂತಾಗುವುದಿಲ್ಲ. ಗ್ರಾಮ ಸಭೆಯಲ್ಲಿ ಸದಸ್ಯೆಯ ಪತಿಯೂ ಮತದಾರರಾಗಿ ಮಾತನಾಡಬಹುದು. ಆದರೆ ಪಂಚಾಯತಿಯ ಸಭೆಯಲ್ಲಿ ಆಕೆಯ ಪರವಾಗಿ ಮಾತನಾಡಲು ಅವರಿಗೆ ಹಕ್ಕಿಲ್ಲ. ಹೊಸ ಸದಸ್ಯೆ ಮಾತು ಹುಡುಕುತ್ತಿರುವಾಗ ನಡುವೆ ಬಾಯಿ ಹಾಕಿ ವಾಕ್ಯ ಮುಗಿಸಿಕೊಡುವುದು ಸಹಾಯವಲ್ಲ, ಕಾಯುವುದೇ ಸಹಾಯ. ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತವರಿಗೆ ಸರದಿಯಂತೆ ಅವಕಾಶ ಕೊಡುವುದು ಅಧ್ಯಕ್ಷ ಸ್ಥಾನದಲ್ಲಿರುವವರ ಕರ್ತವ್ಯ.

ಸಭೆ ಮುಗಿಯುವ ಮುನ್ನ ಪ್ರತಿಯೊಬ್ಬ ಸದಸ್ಯರೂ ಕೇಳಲೇಬೇಕಾದ ಒಂದು ಮಾತಿದೆ: “ನಿರ್ಣಯವನ್ನು ಒಮ್ಮೆ ಓದಿ ಹೇಳಿ.” ಓದಿದಾಗ ಕೇರಿಯ ಹೆಸರು, ಕೆಲಸ, ಅವಧಿ ಮೂರೂ ಇದ್ದರೆ ಆ ದಿನದ ಮಾತು ಸಾರ್ಥಕ. ಒಂದು ಬಿಟ್ಟುಹೋಗಿದ್ದರೆ ಅದನ್ನು ಅಲ್ಲಿಯೇ ಸೇರಿಸುವಂತೆ ಕೋರಬೇಕು. ಮುಂದಿನ ಸಭೆಯಲ್ಲಿ ಅದೇ ಪುಟವನ್ನು ತೆರೆಸಿ, ಕೆಲಸ ಎಲ್ಲಿಗೆ ಬಂದಿತೆಂದು ವಿಚಾರಿಸಬೇಕು. ಮೇಲಿನ ಕೇರಿಯ ನಲ್ಲಿಯಲ್ಲಿ ನೀರು ಬಂದ ದಿನವೇ ಆ ಸದಸ್ಯೆಯ ಭಾಷಣ ಮುಗಿದಂತೆ.