ವಾಸನೆ ಬಾರದ ನಶೆ

“ಕುಡದು ಬಂದರ ಬಾಯಿ ನಾರತೈತಿ, ಗುಳಿಗಿ ನುಂಗಿದ್ದು ಹೆಂಗ ಗೊತ್ತಾಗಬೇಕರೀ?” ರೋಣ, ನರಗುಂದ, ಗಜೇಂದ್ರಗಡದ ಕಡೆಯ ತಾಯಂದಿರು ಬಿಡದೆ ಕೇಳುವ ಪ್ರಶ್ನೆ ಇದು. ಅವರಿಗೆ ಅಂಜಿಕೆ ಟ್ರಮಡಾಲ್, ಟಪೆಂಟಡಾಲ್‌ನಂಥ ನೋವಿನ ಗುಳಿಗೆಗಳದ್ದು. ಎರಡೂ ಅಫೀಮಿನ ಹಾಗೆಯೇ ಮಿದುಳನ್ನು ಹಿಡಿಯುತ್ತವೆ. ಟ್ರಮಡಾಲನ್ನು 2018ರಲ್ಲೇ ಮಾದಕ ವಸ್ತುಗಳ ಕಾಯ್ದೆಗೆ ಸೇರಿಸಲಾಗಿದೆ. ಆದರೂ ‘ಔಷಧ ಅಂಗಡಿಯದ್ದು, ಏನು ಮಾಡೀತು’ ಎಂಬ ಧೈರ್ಯ ಹಲವರಿಗೆ ಇನ್ನೂ ಇದೆ.

ಮನೆಯವರು ಕಣ್ಣು ಕೆಂಪಗಿದೆಯೇ ಎಂದು ನೋಡುತ್ತಾರೆ. ಅದು ಗಾಂಜಾದ ಗುರುತು. ಇಲ್ಲಿ ನೋಡಬೇಕಾದದ್ದು ಕಣ್ಣಪಾಪೆ. ಸಂಜೆಗತ್ತಲಲ್ಲೂ ಚುಕ್ಕೆಯಷ್ಟೇ ಇರುತ್ತದೆ. ಟ್ರಮಡಾಲಿನಲ್ಲಿ ಇದು ಅಷ್ಟು ಎದ್ದು ಕಾಣದು, ಅಲ್ಲಿ ಫಿಟ್ಸ್ ಬರುವ ಭಯ ಹೆಚ್ಚು. ಜೊತೆಗೆ ಮಲಬದ್ಧತೆ, ಮೈ ತುರಿಕೆ, ಕೂತಲ್ಲೇ ತೂಕಡಿಕೆ.

ಇದಕ್ಕಿಂತ ಮೋಸದ ಗುರುತು ನೆಗಡಿ. ಗುಳಿಗೆ ಕರುಳನ್ನು ನಿಧಾನಿಸುತ್ತದೆ, ಪಾಪೆಯನ್ನು ಕುಗ್ಗಿಸುತ್ತದೆ. ಮೈ ಅದಕ್ಕೆ ಎದುರಾಗಿ ಜಗ್ಗಲು ಕಲಿಯುತ್ತದೆ. ಹಗ್ಗ ಜಗ್ಗಾಟದಲ್ಲಿ ಒಂದು ಕಡೆಯವರು ತಟ್ಟನೆ ಕೈಬಿಟ್ಟರೆ ಇನ್ನೊಂದು ಕಡೆಯವರು ಹಿಂದಕ್ಕೆ ಬೀಳುವುದಿಲ್ಲವೇ, ಹಾಗೆ. ಗುಳಿಗೆ ತಪ್ಪಿದ ದಿನ ಮೂಗು ಸೋರುತ್ತದೆ, ಭೇದಿಯಾಗುತ್ತದೆ, ಆಕಳಿಕೆ ನಿಲ್ಲದು, ಮೈ ಜುಮ್ಮೆನ್ನುತ್ತದೆ, ಪಾಪೆ ಅರಳುತ್ತದೆ. ತಾಯಿ ಕಷಾಯ ಕಾಸುತ್ತಾಳೆ. ಮಗ ಪೇಟೆಗೆ ಹೋಗಿ ಬಂದವನೇ ಗೆಲುವಾಗುತ್ತಾನೆ. ಮತ್ತೆ ಮತ್ತೆ ಬರುವ, ಪೇಟೆಗೆ ಹೋಗಿ ಬಂದರೆ ವಾಸಿಯಾಗುವ ನೆಗಡಿ ನೆಗಡಿಯಲ್ಲ.

‘ಲಗ್ನ ಮಾಡಿದರ ನೆಟ್ಟಗಾಗ್ತಾನ’ ಎನ್ನುವವರ ಮುಂದೆ ನನ್ನ ತಾಳ್ಮೆ ಹಲವು ಸಲ ಕೆಟ್ಟಿದೆ. ಬರುವ ಹುಡುಗಿ ಏನು ಪಾಪ ಮಾಡಿದ್ದಳೋ! ಕೋಣೆಯಲ್ಲಿ ಕೂಡಿಹಾಕುವವರದಂತೂ ಇನ್ನೂ ಕೆಟ್ಟ ಹಟ. ಕೆಲವು ದಿನ ಗುಳಿಗೆ ಬಿಟ್ಟರೆ ಮೈ ತಾಳುವ ಶಕ್ತಿ ಕಳೆದುಕೊಳ್ಳುತ್ತದೆ. ಹೊರಬಂದು ಹಳೆಯ ಲೆಕ್ಕದಲ್ಲೇ ನುಂಗಿದರೆ ಉಸಿರೇ ನಿಲ್ಲಬಹುದು. ಬಿಟ್ಟವನಿಗೇ ಹಳೆಯ ಲೆಕ್ಕ ಅಪಾಯ. ಬಿಟ್ಟವನಿಗೇ, ಗಮನವಿರಲಿ.

ಗುಳಿಗೆ ಬಿಟ್ಟಾಗಿನ ತಳಮಳವನ್ನು ಬುಪ್ರೆನಾರ್ಫಿನ್‌ನಂಥ ಔಷಧಿಯಿಂದ ವೈದ್ಯರು ತಗ್ಗಿಸಬಲ್ಲರು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರದಲ್ಲೇ ಇದೆ. ಹೋಗಲು ನಾಚಿಕೆಯಾದರೆ ಮೊದಲು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಆದರೆ ಎಬ್ಬಿಸಿದರೂ ಏಳದಿದ್ದರೆ, ಗೊರಗೊರ ಸದ್ದಿನ ನಿಧಾನ ಉಸಿರು ಅಥವಾ ನೀಲಿ ತುಟಿ ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ಬರುವವರೆಗೆ ಅವನನ್ನು ಮಗ್ಗುಲಾಗಿ ಮಲಗಿಸಿ ಉಸಿರು ನೋಡುತ್ತಿರಬೇಕು. ಬಾಯಿಗೆ ನೀರು, ಮಜ್ಜಿಗೆ ಏನನ್ನೂ ಹಾಕಬಾರದು. ತಿಂದ ಗುಳಿಗೆಯ ಖಾಲಿ ಪಟ್ಟಿ ಸಿಕ್ಕರೆ ಬಚ್ಚಿಡದೆ ವೈದ್ಯರ ಕೈಗೆ ಕೊಡಬೇಕು.