ದಾರಿಯಿಲ್ಲದ ನೆಲದ ವಾಹನಗಳು

ವಾಹನವೆಂಬ ಮಾತು ‘ವಹ್’ ಧಾತುವಿನಿಂದ ಬಂದುದು. ಹೊರುವುದು, ಒಯ್ಯುವುದು ಎಂದು ಅದರ ಅರ್ಥ. ರಸ್ತೆಯಿಲ್ಲದೆಡೆ ಓಡುವ ಬಂಡಿಗಳ ಬಗೆಗಳನ್ನು ತಿಳಿಯಲು ಈ ಧಾತುವೇ ಸಾಕು. ಇದು ಎಷ್ಟು ಜನರನ್ನು ಹೊರುತ್ತದೆ, ಹೇಗೆ ಹೊರುತ್ತದೆ ಎಂದು ಕೇಳಿದರಾಯಿತು.

ನಮಗೆ ಹಳೆಯ ಪರಿಚಯ ಜೀಪಿನದು. ಎರಡನೆಯ ಮಹಾಯುದ್ಧದ ಸೇನೆಗಾಗಿ ಅಮೆರಿಕದಲ್ಲಿ ಹುಟ್ಟಿ, ಮುಂದೆ ನಮ್ಮ ಮಲೆನಾಡಿನ ತೋಟಗಳನ್ನೂ ಸೇರಿತು. ಎಂಜಿನಿನ ಬಲ ನಾಲ್ಕು ಚಕ್ರಗಳಿಗೂ ಸಲ್ಲುವುದರಿಂದ, ಹಿಂದಿನವು ಕೆಸರಿನಲ್ಲಿ ಜಾರಿದರೂ ಮುಂದಿನವು ಎಳೆಯುತ್ತವೆ. ರಸ್ತೆಯಲ್ಲೂ ಅದು ಓಡಬಲ್ಲುದು.

ಎರಡನೆಯದು ಎ.ಟಿ.ವಿ. ಕುದುರೆಯ ಮೇಲಿನಂತೆ ಎರಡೂ ಕಡೆ ಕಾಲಿಟ್ಟು ಕೂರಬೇಕು, ಸೈಕಲಿನಂಥ ಹಿಡಿಕೆ. ಗಾಳಿ ಕಡಮೆಯಿರುವ ದಪ್ಪ ಟೈರು ಮೆತ್ತನೆಯ ನೆಲದ ಮೇಲೆ ಹರಡಿಕೊಂಡು, ಹೂತುಹೋಗದೆ ಸಾಗುತ್ತದೆ. 1970ರಲ್ಲಿ ಹೋಂಡಾ ಸಂಸ್ಥೆ ಅಮೆರಿಕದಲ್ಲಿ ಮಾರಾಟಕ್ಕಿಟ್ಟದ್ದು ಮೂರು ಚಕ್ರದ್ದು. ಅಂಥವು ಮಗುಚಿ ಅನೇಕರು ಸತ್ತರು. 1988ರಲ್ಲಿ ತಯಾರಕರಿಗೂ ಸರ್ಕಾರಕ್ಕೂ ಒಪ್ಪಂದವಾಗಿ, ಹೊಸ ಮೂರು ಚಕ್ರದ ಬಂಡಿಗಳ ಮಾರಾಟ ಅಲ್ಲಿ ನಿಂತಿತು; ನಾಲ್ಕು ಚಕ್ರದವು ಉಳಿದುವು. ಅವುಗಳಲ್ಲೂ ಸವಾರ ಮೈ ವಾಲಿಸಿಯೇ ಸಮತೋಲ ಕಾಯಬೇಕು. ಆಸನ ಉದ್ದವಾಗಿರುವುದು ಅದಕ್ಕಾಗಿ, ಇನ್ನೊಬ್ಬರನ್ನು ಕೂರಿಸುವುದಕ್ಕಲ್ಲ.

ಮೂರನೆಯದು ಯು.ಟಿ.ವಿ. ಇದರಲ್ಲಿ ಇಬ್ಬರು ಅಕ್ಕಪಕ್ಕ ಕೂರಬಹುದು. ಕಾರಿನಂಥ ಸ್ಟಿಯರಿಂಗು, ಸೊಂಟಕ್ಕೆ ಪಟ್ಟಿ, ತಲೆಯ ಮೇಲೆ ಉಕ್ಕಿನ ಪಂಜರ, ಹಲವಕ್ಕೆ ಹಿಂದೆ ಗೊಬ್ಬರವೋ ಹುಲ್ಲೋ ಹೇರುವ ತೊಟ್ಟಿ. ಇದು ದುಡಿಮೆಯ ಬಂಡಿ. ವಿನೋದಕ್ಕೆಂದೇ ಮಾಡಿದ ವೇಗದವೂ ಉಂಟು. ಮಗುಚಿದಾಗ ಪಂಜರದ ಆಶ್ರಯ ದೊರೆಯಬೇಕಾದರೆ ಪಟ್ಟಿ ಕಟ್ಟಿಕೊಂಡಿರಬೇಕು.

ಈ ಭೇದವನ್ನು ನಾನು ಕಲಿತದ್ದು ಕಳೆದ ಬೇಸಗೆಯಲ್ಲಿ. ಗುಡ್ಡದ ಮೇಲಿನ ಒಂದು ವಿಹಾರಸ್ಥಳದಲ್ಲಿ ಏಳು ವರ್ಷದ ಮೊಮ್ಮಗ ಎ.ಟಿ.ವಿ. ಹತ್ತಲು ಹಟ ಹಿಡಿದ. “ಹಿಂದೆ ಕೂರಿಸ್ಕೊಂಡು ಎರಡೇ ಸುತ್ತು, ಸಾರ್” ಎಂದ ಅಲ್ಲಿಯ ಹುಡುಗ. ನಾನು ಹಣ ತೆಗೆದೂ ಇದ್ದೆ. ಮೇಷ್ಟರ ಅಭ್ಯಾಸ, ಅಕ್ಷರ ಕಂಡಲ್ಲಿ ಓದುತ್ತೇನೆ. ಬಂಡಿಗೆ ಅಂಟಿಸಿದ್ದ ಚೀಟಿಯಲ್ಲಿ, ಹದಿನಾರು ತುಂಬದವರು ನಡೆಸಬಾರದು, ಸವಾರನ ಜೊತೆ ಮತ್ತೊಬ್ಬರು ಕೂರಬಾರದು ಎಂದಿತ್ತು. ಹಣವನ್ನು ಮತ್ತೆ ಜೇಬಿಗೆ ಹಾಕಿದೆ.

ಸಂಜೆಯವರೆಗೆ ಮೊಮ್ಮಗ ಮಾತಾಡಲಿಲ್ಲ. ಆಗಲಿ, ಮುನಿಸಿಕೊಂಡಾದರೂ ಮನೆಗೆ ಬಂದನಲ್ಲ! ತಾವೂ ಹತ್ತುವ ಮೊದಲು ಆ ಚೀಟಿಯನ್ನೊಮ್ಮೆ ಓದಿರಿ. ತಲೆಗೆ ಹೆಲ್ಮೆಟ್ಟು ಕೇಳಿ ಪಡೆಯಿರಿ.